ಮಂಜುಗಡ್ಡೆಯ ಮೇಲೆ ಏಳು ತಲೆಮಾರು

ಬ್ಯಾಡಗಿ

ನಮ್ಮ ಮನೆಯಲ್ಲಿ ಉಳಿದವರ ಪೈಕಿ ಪಾಸ್‌ಪೋರ್ಟ್ ಇದ್ದದ್ದು ನನ್ನೊಬ್ಬನ ಹತ್ತಿರ. ದುಬೈಗೆ ಹೋಗಿ ಲೆಕ್ಕ ಬರೆಯುತ್ತೇನೆ ಅಂತ ಹಟ ಹಿಡಿದು ಮಾಡಿಸಿದ್ದೆ. ದುಬೈಯವರು ನನ್ನ ಲೆಕ್ಕ ನೋಡಿ, ನೀವು ಅಲ್ಲೇ ಇರಿ ಅಂದರು. ಅಂದಿನಿಂದ ಅದು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಕೂತು, ನಾನು ಮಾಡಿದ ಯಾವ ಕೆಲಸಕ್ಕೂ ಸಿಗದ ಗೌರವ ಪಡೆಯುತ್ತಿತ್ತು. ಆದ್ದರಿಂದ ನಾನು ಸೈಬೀರಿಯಾಕ್ಕೆ ಹೋಗಿಬಂದೆ ಅಂದರೆ ಯಾರೂ ನನ್ನ ಯೋಗ್ಯತೆಯ ಬಗ್ಗೆ ತಪ್ಪು ತಿಳಿಯಬಾರದು. ಪಾಸ್‌ಪೋರ್ಟು ಹೋಗಬೇಕಾಗಿತ್ತು, ಜೊತೆಗೆ ನಾನೂ ಹೋದೆ.

ನಡೆದದ್ದು ಇಷ್ಟು. ದೊಡ್ಡಪ್ಪನ ಮಗ ಬಸಪ್ಪ, ನನಗೆ ಬಸ್ಯಾ, ಸೈಬೀರಿಯಾದಲ್ಲಿ ಡಾಕ್ಟರಿಕೆ ಓದುತ್ತಿದ್ದ. ಅವನು ಒಂದು ಮುಂಜಾನೆ ಫೋನ್ ಮಾಡಿ, ಜೊತೆಗೆ ಓದುವ ತುಯಾನಾ ಎಂಬ ಹುಡುಗಿಯನ್ನು ಮದುವೆಯಾಗುತ್ತೇನೆ ಅಂದ. ಹುಡುಗಿಯ ಊರು ಬೈಕಾಲ್ ಸರೋವರದ ನಡುವಿನ ಓಲ್ಖೋನ್ ಎಂಬ ನಡುಗಡ್ಡೆ. ಆಕೆಯ ಅಪ್ಪ ಮಗಳನ್ನು ಕೊಡಬೇಕಾದರೆ ಹುಡುಗನ ಮನೆಯಿಂದ ಯಾರಾದರೂ ಬಂದು ಕೂತು ಮಾತಾಡಬೇಕಂತೆ. ದೊಡ್ಡಪ್ಪ ಫೋನ್ ಇಟ್ಟು ಮೆಣಸಿನಕಾಯಿ ಗೋದಾಮಿಗೆ ಹೋಗಿ ಸಂಜೆಯವರೆಗೆ ಹಮಾಲರನ್ನು ಬೈದ. ಸಂಜೆ ನನ್ನನ್ನು ಕರೆದ.

“ಹೋಗಿ ನೋಡಿ ಬಾ. ಹೂಂ ಅನಬ್ಯಾಡ, ಊಹೂಂನೂ ಅನಬ್ಯಾಡ.”

“ಮತ್ತ ಏನ ಅನ್ಲಿ ದೊಡ್ಡಪ್ಪ?”

“ಥಂಡಿ ಭಾಳ ಐತಿ ಅನ್ನು.”

ಆಯಿ, ಅಂದರೆ ನಮ್ಮ ಅಪ್ಪ-ದೊಡ್ಡಪ್ಪನ ತಾಯಿ, ಏನೂ ಅನ್ನಲಿಲ್ಲ. ದೊಡ್ಡಪ್ಪ ಒಲ್ಲೆ ಅಂದರೆ ಒಂದು ವಾರದಲ್ಲಿ ಹೂಂ ಅನ್ನಿಸಬಹುದು. ಆಯಿ ಸುಮ್ಮನಾದರೆ ಮಾತ್ರ ದಾರಿ ಇಲ್ಲ. ಆಕೆ ಒಪ್ಪದೆ ನಮ್ಮ ಮನೆಗೆ ಒಂದು ಮಿಕ್ಸರ್ ಬಂದಿಲ್ಲ, ಇನ್ನು ಸೊಸೆ ಎಲ್ಲಿಂದ ಬರಬೇಕು. ನಾನು ಹೊರಡುವಾಗ ಕಾಲು ಮುಟ್ಟಿದೆ. ಆಯಿ ತಲೆ ಮುಟ್ಟಿ, ಗೋಡೆ ನೋಡುತ್ತ ಕೂತಳು.

ಚಳಿಗಾಲದಲ್ಲಿ ಹಾವೇರಿಯ ರಸ್ತೆ ಬದಿ ಸ್ವೆಟರ್ ಮಾರಲು ಬರುವ ಟಿಬೆಟಿನ ಹೆಣ್ಣುಮಗಳಿಗೆ, ಸೈಬೀರಿಯಾಕ್ಕೆ ಹೊಂದುವಂಥದ್ದು ಕೊಡ್ರಿ ಅಂದೆ. ಆಕೆ ಸ್ವೆಟರ್ ನೋಡಿದಳು, ನನ್ನನ್ನು ನೋಡಿದಳು, ಇನ್ನೆರಡು ಸ್ವೆಟರ್ ಮೇಲೆ ಇಟ್ಟಳು. ಅವ್ವ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ಕಟ್ಟಿಕೊಟ್ಟಳು. ಬೀಗರಾಗಲಿ ಬಿಡಲಿ, ಹುಡುಗಿ ಮನೆಗೆ ಬರಿಗೈಲಿ ಹೋಗಬಾರದು.

ದಂಡೆ

ಬೈಕಾಲ್ ಅಂದರೆ ಕೆರೆ ಅಂತ ಬಸ್ಯಾ ಹೇಳಿದ್ದ. ದಂಡೆಗೆ ಬಂದು ನಿಂತಾಗ ಆಚೆ ದಂಡೆ ಕಾಣಲಿಲ್ಲ. ಇದಕ್ಕಿಂತ ಎಷ್ಟೋ ಸಣ್ಣದಿದ್ದಾಗಲೇ ಹಾವೇರಿಯನ್ನು ಜಿಲ್ಲೆ ಮಾಡಿದ್ದಾರೆ. ಅಷ್ಟೂ ನೀರು ಹೆಪ್ಪುಗಟ್ಟಿತ್ತು. ಬಿಳಿಯಾಗಿ ಅಲ್ಲ, ನಮ್ಮ ಊರ ಸೋಡಾ ಬಾಟಲಿಯ ಹಸಿರು-ನೀಲಿ ಬಣ್ಣಕ್ಕೆ. ಕೆಳಗೆ ಬಹಳ ಆಳದವರೆಗೆ ಬಿರುಕುಗಳು ಕಾಣುತ್ತಿದ್ದವು. ಆಳದವರೆಗೆ ಕಾಣಬಾರದಾಗಿತ್ತು ಅಂತ ನನಗನ್ನಿಸಿತು.

ಹುಡುಗಿಯ ಅಪ್ಪ ಬಾಯಿರ್ ತನ್ನ ಗಾಡಿ ತಂದಿದ್ದ. ಬೂದು ಬಣ್ಣದ ವ್ಯಾನು. ಅವರ ಕಡೆ ಅದಕ್ಕೆ ಪ್ರೀತಿಯಿಂದ ಬ್ರೆಡ್ಡು ಅನ್ನುತ್ತಾರಂತೆ, ನೋಡಲೂ ಹಾಗೇ ಇತ್ತು. ಬಾಯಿರ್ ಅಲ್ಲಿನ ಮೂಲನಿವಾಸಿ ಬುರ್ಯಾತ್ ಜನದವನು. ಅಗಲ ಮುಖ, ಕಿರಿದು ಕಣ್ಣು, ತಲೆಯ ಮೇಲೆ ತುಪ್ಪಳದ ಟೋಪಿ. ಅವನು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದ. ಮೂರೂ ಸ್ವೆಟರ್ ಹಾಕಿದ್ದರಿಂದ ನನ್ನ ಕೈಗಳು ಕೆಳಗೆ ಬರುತ್ತಿರಲಿಲ್ಲ, ಎರಡೂ ಕಡೆ ಚಾಚಿಕೊಂಡು ನಿಂತಿದ್ದವು. ಅಪ್ಪಿಕೊಳ್ಳಲು ಬರುತ್ತಿದ್ದಾನೆ ಅಂತ ತಿಳಿದು ಅವನೂ ಕೈ ಚಾಚಿದ. ಅಪ್ಪಿಕೊಂಡೆವು. ಅವನು ಬಸ್ಯಾನಿಗೆ ಏನೋ ಕೇಳಿದ.

“ಏನಂದ?” ಅಂದೆ.

“ಇವನ ಏನು ನಿಮ್ಮ ಮನಿ ಹಿರಿಯಾ ಅಂತ ಕೇಳಾಕತ್ತಾನ.”

“ನೀ ಏನಂದಿ?”

“ಉಳದಾವರು ಇವನಕಿಂತ ಸಣ್ಣವರು ಅಂದೆ.”

ಗಾಡಿ ರಸ್ತೆ ಬಿಟ್ಟು ಕೆರೆಗೆ ಇಳಿಯಿತು. ನಮ್ಮ ಕಡೆಯೂ ಕೆರೆಯೊಳಗೆ ಗಾಡಿ ಹೊಡೆಯುತ್ತಾರೆ, ಆದರೆ ಬೇಸಿಗೆಯಲ್ಲಿ, ನೀರಿಲ್ಲದಾಗ. ನಾನು ಸೀಟಿನ ಬೆಲ್ಟು ಹುಡುಕಿದೆ. ಬಾಯಿರ್ ಕನ್ನಡಿಯಲ್ಲಿ ನೋಡಿ ಬೇಡ ಅಂತ ತಲೆಯಾಡಿಸಿದ.

“ಬೆಲ್ಟ್ ಹಾಕಬಾರದಂತ,” ಅಂದ ಬಸ್ಯಾ. “ಗಾಡಿ ಮುಳುಗಿದ್ರ ಲಗೂನ ಹೊರಗ ಬರಾಕ ಬರಬೇಕಂತ.”

“ಮುಳುಗಿದ್ರ?”

“ಬಾಗಲಾನೂ ಪೂರಾ ಹಾಕಬ್ಯಾಡಂತ.”

ನಡುನೀರಿಗೆ ಬಂದಾಗ ಕೆಳಗಿನಿಂದ ಢಂ ಅಂತ ಬಂದೂಕು ಹಾರಿಸಿದ ಹಾಗೆ ಸದ್ದಾಯಿತು. ಬಾಗಿಲು ಪೂರಾ ಹಾಕಿರಲಿಲ್ಲವಲ್ಲ, ನಾನು ಹಾರಿದೆ. ಗಾಡಿ ನಿಧಾನ ಹೋಗುತ್ತಿತ್ತು. ನಾನು ಕುಂಡೆಯ ಮೇಲೆ ಜಾರುತ್ತ ಅದಕ್ಕೆ ಸರಿಸಮನಾಗಿ ಬಂದೆ, ಸ್ವಲ್ಪ ಹೊತ್ತಿಗೆ ಅದನ್ನು ದಾಟಿ ಮುಂದೆ ಹೋದೆ. ಬಾಯಿರ್ ಗಾಡಿ ನಿಲ್ಲಿಸಿ, ಕಾಲರ್ ಹಿಡಿದು ಎತ್ತಿ ಒಳಗೆ ಕೂಡಿಸಿ, ಎರಡು ಮಾತು ಹೇಳಿದ. ಬಸ್ಯಾ ಕನ್ನಡಕ್ಕೆ ಇಳಿಸಿದ: “ಬರ್ಫ ಸಪ್ಪಳಾ ಮಾಡಿದ್ರ ಗಟ್ಟಿ ಐತಿ ಅಂತ ಅರ್ಥ ಅಂತ. ಸಪ್ಪಳಾ ನಿಂತ್ರ ಹಾರು ಅಂದಾನ.”

ಆಮೇಲೆ ಉಳಿದ ದಾರಿಯುದ್ದಕ್ಕೂ ನಾನು ಸದ್ದಿಗಾಗಿ ಪ್ರಾರ್ಥಿಸಿದೆ.

ಮನೆ

ಕಟ್ಟಿಗೆಯ ಮನೆ, ನೀಲಿ ಬಣ್ಣದ ಕಿಟಕಿ. ತುಯಾನಾ ಬಾಗಿಲಲ್ಲಿ ನಿಂತಿದ್ದಳು. ತಾಯಿ ಇಲ್ಲದ ಹುಡುಗಿ, ಅಪ್ಪ-ಮಗಳಿಬ್ಬರೇ. ನನ್ನನ್ನು ನೋಡಿದ್ದೇ ಒಂದೇ ಉಸಿರಿನಲ್ಲಿ, “ಬರ್ರಿ ಕುಂದ್ರಿ ಊಟ ಆತೇನ್ರಿ?” ಅಂದಳು. ರಾಣೆಬೆನ್ನೂರಿನ ಅತ್ತೆಯೂ ಇಷ್ಟು ಚೊಕ್ಕ ಅನ್ನುವುದಿಲ್ಲ. ನನಗೆ ಕಣ್ಣಲ್ಲಿ ನೀರು ಬಂದವು, ಬಂದಿದ್ದೇ ರೆಪ್ಪೆಗೆ ಹೆಪ್ಪುಗಟ್ಟಿದವು.

“ಆತ್ರಿ,” ಅಂದೆ.

ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಆದರೆ ನಮ್ಮ ಕಡೆ ಊಟ ಆಯಿತೇ ಅಂದರೆ ಆಯಿತು ಅನ್ನಬೇಕು. ಅವರು ಸುಳ್ಳು ಹೇಳಬ್ಯಾಡ್ರಿ ಅನ್ನಬೇಕು, ನಾವು ಖರೇನ ಆಗೇತ್ರಿ ಅನ್ನಬೇಕು, ಅವರು ಕೈ ಹಿಡಿದು ಎಳೆದು ತಾಟಿನ ಮುಂದೆ ಕೂಡಿಸಬೇಕು. ತುಯಾನಾ ನನ್ನ ಮಾತು ನಂಬಿದಳು. ಬಸ್ಯಾ ಮೂರನೆಯ ಪಾಠದವರೆಗೆ ಕಲಿಸಿರಲಿಲ್ಲ. ಅವರು ಮೂವರೂ ಮೇಜಿಗೆ ಕೂತು ಉಂಡರು. ನಾನು ಹೊಟ್ಟೆ ತುಂಬಿದವನ ಹಾಗೆ ಕಿಟಕಿಯಿಂದ ನಿಸರ್ಗ ನೋಡಿದೆ.

ಮುಂದಿನ ಊಟಕ್ಕೆ ಕರೆಯುವ ಮೊದಲೇ ಹೋಗಿ ಕೂತೆ. ಮೀನು ಬಂತು, ಬೇಡ ಅಂದೆ. ಕುರಿ ಬಂತು, ಬೇಡ ಅಂದೆ. ಬಾಯಿರ್ ಚಮಚ ಕೆಳಗಿಟ್ಟು ಗಂಭೀರನಾದ.

“ನಿನಗ ಏನು ಬ್ಯಾನಿ ಐತಿ ಅಂತ ಕೇಳಾಕತ್ತಾನ,” ಅಂದ ಬಸ್ಯಾ.

“ಏನಂದಿ?”

“ವಂಶದಾಗ ಬಂದದ್ದು ಅಂದೆ.”

ಬಾಯಿರ್ ಬಸ್ಯಾನ ಕಡೆಗೂ ಒಮ್ಮೆ ಸಂಶಯದಿಂದ ನೋಡಿದ. ಬಸ್ಯಾ ಅಲ್ಲಿ ಏನು ಉಣ್ಣುತ್ತಾನೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮನೆಯವರು ಇದನ್ನು ಓದಿದರೆ ನಾನು ಅಷ್ಟೊತ್ತಿಗೆ ಕಿಟಕಿಯ ಕಡೆ ನೋಡುತ್ತಿದ್ದೆ ಅಂತ ತಿಳಿಯಬೇಕು.

ನನಗೆ ಆಲೂಗಡ್ಡೆ ಕೊಟ್ಟರು. ಜೊತೆಗೆ ಬಿಳೀ ಚಟ್ನಿಯಂಥದ್ದು, ಯಾವುದೋ ಬೇರು ತುರಿದದ್ದು. ಸ್ವಲ್ಪ ಖಾರ ಇರುತ್ತದೆ, ಚೂರೇ ಹಾಕಿಕೋ ಅಂತ ಬಾಯಿರ್ ಸನ್ನೆ ಮಾಡಿದ. ಬ್ಯಾಡಗಿಯವನಿಗೆ ಖಾರದ ಎಚ್ಚರಿಕೆ! ನಾನು ನಕ್ಕು, ಚಮಚ ತುಂಬ ಬಾಯಿಗೆ ಹಾಕಿಕೊಂಡೆ. ಅದು ನಾಲಿಗೆಗೆ ಹೋಗಲೇ ಇಲ್ಲ. ನೇರ ಮೂಗಿಗೆ ಏರಿ, ಅಲ್ಲಿಂದ ಹಣೆಯೊಳಗೆ ಹೋಗಿ, ಹಿಂದಿನ ಜನ್ಮದವರೆಗೆ ಮುಟ್ಟಿತು. ನಾನು ಅಳುತ್ತಿದ್ದಾಗ ಬಾಯಿರ್ ಉಪಚಾರಕ್ಕೆಂದು ನಮ್ಮ ಒಂದು ಮೆಣಸಿನಕಾಯಿ ಎತ್ತಿ, ಬೀಜಸಮೇತ ಅಗಿದು ನುಂಗಿ, ಸುಮ್ಮನೆ ಕೂತ. ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಇದನ್ನು ನಾವು ಮಾರುವಾಗ ಹೆಮ್ಮೆಯಿಂದಲೇ ಹೇಳುತ್ತೇವೆ. ಆ ಹೊತ್ತಿಗೆ ಹೇಳಲು ಉಸಿರು ಇರಲಿಲ್ಲ.

ಅಲ್ಲಿ ನಲ್ಲಿ ಇಲ್ಲ. ಕೆರೆಯ ಐಸನ್ನು ಗರಗಸದಿಂದ ಕೊಯ್ದು ತಂದು ಅಂಗಳದಲ್ಲಿ ಇಟ್ಟಂಗಿಯಂತೆ ಒಟ್ಟಿರುತ್ತಾರೆ. ನೀರು ಬೇಕಾದರೆ ಒಂದು ತುಂಡು ತಂದು ಒಲೆಯ ಮೇಲಿನ ಪಾತ್ರೆಗೆ ಹಾಕಬೇಕು. ರಾಣೆಬೆನ್ನೂರಿನ ಓಣಿಗಳಲ್ಲಿ ನಲ್ಲಿ ನೀರಿಗೆ ಕೊಡ ಹಿಡಿದು ಜಗಳಾಡುವವರಿಗೆ, ಹೀಗೆ ವಾರದ ನೀರು ಯಾರೂ ಕದಿಯದೆ ಅಂಗಳದಲ್ಲಿ ಬಿದ್ದಿರುತ್ತದೆ ಅಂದರೆ ನಂಬುವುದಿಲ್ಲ. ನಾನು ಬನಿಯನ್ ಒಗೆದು ಹೊರಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಅದು ಹಲಗೆಯಾಗಿತ್ತು. ಮಡಚಲು ಹೋದೆ, ಅದರ ಎಡಭುಜ ಮುರಿದು ಕೈಗೆ ಬಂತು.

ಕಂಬಗಳ ಹತ್ತಿರ

ಮರುದಿನ ಬಾಯಿರ್ ನಮ್ಮನ್ನು ಕೆರೆಯ ಮೇಲಿನ ದಿಬ್ಬಕ್ಕೆ ಕರೆದೊಯ್ದ. ಅಲ್ಲಿ ಸಾಲಾಗಿ ಮರದ ಕಂಬಗಳು, ಅವಕ್ಕೆ ಸುತ್ತಿದ ಬಣ್ಣಬಣ್ಣದ ಬಟ್ಟೆಯ ಪಟ್ಟಿಗಳು, ಬುಡದಲ್ಲಿ ಅಕ್ಕಿ ಕಾಳು, ಮಿಠಾಯಿ. ಅವರ ದೇವರ ಜಾಗ. ಬಾಯಿರ್ ಬೆರಳಿನಿಂದ ಹಾಲು ಚಿಮುಕಿಸಿ ಕಣ್ಣು ಮುಚ್ಚಿದ. ಅವನು ಕಣ್ಣು ತೆರೆದಾಗ ನಾನು ಕಂಬದ ಹತ್ತಿರ ಕೈ ಮುಗಿದು ನಿಂತಿದ್ದೆ. ಬೂಟು ದೂರದಲ್ಲಿದ್ದವು.

ವಿಚಾರ ಮಾಡಿ ಕಳಚಿದ್ದಲ್ಲ. ದೇವರ ಜಾಗ ಕಂಡರೆ ನನ್ನ ಕಾಲುಗಳೇ ಚಪ್ಪಲಿ ಬಿಡುತ್ತವೆ, ನನ್ನನ್ನು ಕೇಳುವುದಿಲ್ಲ. ಗಳಗನಾಥದ ಗುಡಿಯಲ್ಲಿ ಬೇಸಿಗೆಯ ಮಧ್ಯಾಹ್ನ ಕಲ್ಲು ಸುಡುವಾಗಲೂ ಬಿಟ್ಟಿದ್ದೇನೆ. ಅಲ್ಲಿ ಕುಣಿಯುತ್ತ ಹೋಗುತ್ತೇವೆ, ಇಲ್ಲಿ ಕುಣಿಯಲಾಗಲಿಲ್ಲ. ಕಾಲುಚೀಲ ನೆಲಕ್ಕೆ ಅಂಟಿತ್ತು.

ಬಾಯಿರ್ ನನ್ನನ್ನು ಕಾಲುಚೀಲದಿಂದ ಬಿಡಿಸಿ, ಹೆಗಲ ಮೇಲೆ ಹಾಕಿಕೊಂಡು ಗಾಡಿಗೆ ಒಯ್ದ. ನನ್ನ ಪಾದಗಳನ್ನು ತನ್ನ ಕೋಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಕೂತ. ಹುಡುಗಿ ಕೇಳಲು ಬಂದವರ ಪಾದ ಹುಡುಗಿಯ ಅಪ್ಪನ ಹೊಟ್ಟೆಯ ಮೇಲೆ! ನಮ್ಮ ಕಡೆ ಇದರ ಮೇಲೆ ಎರಡು ಊರು ಮಾತು ಬಿಡುತ್ತಿದ್ದವು.

“ಏನರ ಅಂತಾನೇನೋ?” ಅಂದೆ.

“ಇಲ್ಲ,” ಅಂದ ಬಸ್ಯಾ. “ನಗಾಕತ್ತಾನ. ಅದಕ್ಕ ನನಗ ಅಂಜಿಕಿ. ಲೇ ಗುರ್ಯಾ, ನಿನ್ನ ಕೈ ಮುಗೀತೇನಿ. ನನ್ನ ಜೀವನದ ಪ್ರಶ್ನಿ ಐತಿ. ಆತ ನಮ್ಮ ಮನತನ ಹೆಂಗ ಐತಿ ಅಂತ ನಿನ್ನ ಮ್ಯಾಲಿಂದ ಅಳೀಬೇಕು. ಎರಡು ದಿನ ಮನಶ್ಯಾನಾಂಗ ಇರು.”

ಇರುತ್ತೇನೆ ಅಂದೆ. ಆವತ್ತೇ ಮೆಣಸಿನಕಾಯಿ ಒಣಹಾಕಿದೆ.

ಒಣಹಾಕಿದ್ದು

ಚೀಲದೊಳಗೆ ಹಿಮ ಹೊಕ್ಕು ಕಾಯಿ ಮೆತ್ತಗಾಗಿದ್ದವು. ಮೆತ್ತಗಾದ ಮೆಣಸಿನಕಾಯಿ ಕಂಡು ಸುಮ್ಮನಿರುವವನು ಬ್ಯಾಡಗಿಯಲ್ಲಿ ಹುಟ್ಟಿರುವುದಿಲ್ಲ. ಬೂಸ್ಲು ಬರುವ ಮೊದಲು ಬಿಸಿಲಿಗೆ ಹರವಬೇಕು. ಬಿಸಿಲು ಚೆನ್ನಾಗಿತ್ತು, ಮೋಡದ ಚೂರೂ ಇರಲಿಲ್ಲ. ಮುಂದೆ ಕಣ್ಣು ಹಾಯುವವರೆಗೆ ಕಸ ಕಡ್ಡಿ ಇಲ್ಲದ, ಸಾರಿಸಿದಂಥ ಕಣ. ಇಂಥ ಕಣ ನಮ್ಮ ಮುತ್ತ್ಯಾನ ಕಾಲದಲ್ಲೂ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಕೆರೆಯ ಮೇಲೆ ಇಡೀ ಚೀಲ ಸುರಿದು, ಒಂದರ ಮೇಲೊಂದು ಬೀಳದಂತೆ ನೀಟಾಗಿ ಹರವಿದೆ. ಹಸಿರು ಕನ್ನಡಿಯ ಮೇಲೆ ಕಡುಗೆಂಪು. ನನ್ನ ಕೈಯಿಂದ ಜೀವನದಲ್ಲಿ ಆದ ಒಂದೇ ಚೆಂದದ ಕೆಲಸ.

ಆಮೇಲೆ ಗಾಳಿ ಬಂತು.

ಮೆಣಸಿನಕಾಯಿ ಹಾರಲಿಲ್ಲ, ಓಡಿದವು. ನುಣ್ಣನೆ ಐಸಿನ ಮೇಲೆ, ಬಾಲ ಹಿಂದೆ ಮಾಡಿಕೊಂಡು, ಮೊದಲು ಹತ್ತಿಪ್ಪತ್ತು, ಆಮೇಲೆ ಗುಂಪಿಗೆ ಗುಂಪೇ. ನಾನು ಹಿಂದೆ ಓಡಿದೆ, ಬಿದ್ದೆ, ಬಿದ್ದಮೇಲೆ ಇನ್ನೂ ಜೋರಾಗಿ ಅವುಗಳ ಜೊತೆ ಹೋದೆ. ದೂರದಲ್ಲಿ ಐಸಿಗೆ ತೂತು ಕೊರೆದು ಮೀನು ಹಿಡಿಯುತ್ತ ಕೂತಿದ್ದ ಮುದುಕನೊಬ್ಬ ತಲೆ ಎತ್ತಿ ನೋಡಿದ. ಸಾಲು ಸಾಲು ಕೆಂಪು ಕಾಯಿ ಅವನನ್ನು ದಾಟಿ ಹೋದವು. ನಂತರ ಅಂಗಾತ ಬಿದ್ದ ನಾನು ದಾಟಿ ಹೋದೆ. ಅವನು ಎದ್ದು ಟೋಪಿ ತೆಗೆದ.

ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಜನ ಬಂದು ಬಾಗಿಲಲ್ಲಿ ಒಂದೊಂದು ಕಾಯಿ ಕೊಟ್ಟು, ನನ್ನನ್ನು ನೋಡಿಕೊಂಡು ಹೋದರು. ಬಾಯಿರ್ ಎಲ್ಲವನ್ನೂ ಒಂದು ಬಟ್ಟಲಲ್ಲಿ ಕೂಡಿಡುತ್ತಿದ್ದ. ನಗುತ್ತಲೇ ಇದ್ದ. ಬಸ್ಯಾ ನಗುತ್ತಿರಲಿಲ್ಲ.

ಮೇಜು

ಆ ಹೊತ್ತಿನ ಊಟ ಮುಗಿದ ಮೇಲೆ ಬಾಯಿರ್ ಉಪ್ಪು ಹಾಕಿದ ಹಾಲಿನ ಚಹಾ ಸುರಿದು, ಟೋಪಿ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತ. ಮಾತುಕತೆ ಶುರುವಾಯಿತು ಅಂತ ನನಗೂ ತಿಳಿಯಿತು. ದೇಶ ಯಾವುದಾದರೂ ಹುಡುಗಿ ಅಪ್ಪ ಬೆನ್ನು ನೆಟ್ಟಗೆ ಮಾಡುವುದು ಒಂದೇ ಥರ.

ಅವನು ತನ್ನ ಹಿರಿಯರ ಹೆಸರು ಹೇಳತೊಡಗಿದ. ತನ್ನ ಅಪ್ಪ, ಅಪ್ಪನ ಅಪ್ಪ, ಹಾಗೆ ಮೇಲಕ್ಕೆ. ಒಂದೊಂದು ಹೆಸರಿಗೆ ಒಂದು ಬೆರಳು ಮಡಚಿದ. ಒಬ್ಬ ಮೀನುಗಾರ, ಒಬ್ಬ ಬೇಟೆಗಾರ, ಒಬ್ಬ ಕುದುರೆ ಕಳ್ಳ. ಕಳ್ಳನನ್ನೂ ಉಳಿದವರಷ್ಟೇ ಗೌರವದಿಂದ ಹೇಳಿದ. ಏಳು ದಾಟಿಯೂ ಹೋದ. ಮುಗಿಸಿ ನನ್ನ ಕಡೆ ಕೈ ಮಾಡಿದ.

“ನಮ್ಮದು ಏಳು ತಲಿ ಹೇಳಬೇಕಂತ,” ಅಂದ ಬಸ್ಯಾ. “ನನ್ನ ಹಿಡದು ಮ್ಯಾಲಕ. ಏಳು ತಲಿ ಗೊತ್ತಿಲ್ಲದಾವರಿಗೆ ಅವರು ಹೆಣ್ಣು ಕೊಡೂದಿಲ್ಲ. ನೀ ಹೇಳು, ನಾ ಹೇಳೂ ಹಂಗಿಲ್ಲ.”

ಈ ಒಂದು ಪರೀಕ್ಷೆಯಲ್ಲಿ ನಾನು ನಪಾಸಾಗುವ ಪ್ರಶ್ನೆಯೇ ಇರಲಿಲ್ಲ. ನಾನೂ ಬೆನ್ನು ನೆಟ್ಟಗೆ ಮಾಡಿದೆ.

“ಬಸಪ್ಪ,” ಅಂದೆ. ಬಾಯಿರ್ ಒಂದು ಬೆರಳು ಮಡಚಿದ.

“ಈರಪ್ಪ.” ಎರಡು.

“ಬಸಪ್ಪ.” ಮೂರು.

“ಈರಪ್ಪ.” ಬಾಯಿರ್ ಬೆರಳು ಮಡಚಲಿಲ್ಲ.

“ಬಸಪ್ಪ. ಈರಪ್ಪ. ಬಸಪ್ಪ,” ಅಂತ ಮುಗಿಸಿದೆ.

ನಮ್ಮ ಓದುಗರಿಗೆ ಇದರಲ್ಲಿ ವಿಶೇಷ ಕಾಣಲಿಕ್ಕಿಲ್ಲ. ನಮ್ಮ ಮನೆತನದಲ್ಲಿ ಹಿರಿಯ ಮಗನಿಗೆ ಅಜ್ಜನ ಹೆಸರು. ಅವನ ಹಿರಿಯ ಮಗನಿಗೆ ಮತ್ತೆ ಅವನ ಅಜ್ಜನ ಹೆಸರು. ಎರಡು ಹೆಸರು ಎತ್ತಿನ ಜೋಡಿಯಂತೆ ಮನೆತನವನ್ನು ಎಳೆದುಕೊಂಡು ಬಂದಿವೆ. ನಾನು ಎರಡನೆಯ ಮಗನ ಮಗನಾದ್ದರಿಂದ ಗುರುಸಿದ್ದಪ್ಪನಾಗಿ ತಪ್ಪಿಸಿಕೊಂಡೆ.

ಬಾಯಿರ್ ಮಾತಾಡಿದ. ಈ ಸಲ ನಗುತ್ತಿರಲಿಲ್ಲ. ಬಸ್ಯಾನ ಮುಖ ಇಳಿಯಿತು.

“ಏಳು ಮಂದಿ ಕೇಳಿದೆ, ಇಬ್ಬರನ್ನ ಕೊಟ್ಟ ಅಂತಾನ. ಕುದುರಿ ಕಳ್ಳಗೂ ಒಂದು ಹೆಸರು ಇರ್ತದ, ಸತ್ತಾವರ ಮ್ಯಾಲ ಚ್ಯಾಷ್ಟಿ ಮಾಡಬಾರದು ಅಂತಾನ.”

“ಚ್ಯಾಷ್ಟಿ ಅಲ್ಲೋ! ಖರೇನ ಐತೆಲ್ಲೋ! ಹೇಳಲೇ!”

“ಹೇಳಿದೆ. ಈ ಹುಡುಗ ಬಂದಾಗಿಂದ ನೋಡಾಕತ್ತೇನಿ, ಇವನು ಬಾಯಿ ತಗದ್ರ ನಗಿಚಾಟಿಕಿ ಅಂತಾನ.”

ನಾನು ಗಾಡಿಯಿಂದ ಹಾರಿದ್ದು, ಬೂಟಿಲ್ಲದೆ ನಿಂತದ್ದು, ಮೆಣಸಿನಕಾಯಿಯ ಹಿಂದೆ ಜಾರಿದ್ದು, ಎಲ್ಲ ಪೂರ್ತಿ ಮನಸ್ಸಿಟ್ಟು ಮಾಡಿದ ಕೆಲಸ. ಒಂದನ್ನೂ ಚೇಷ್ಟೆಗೆ ಮಾಡಿರಲಿಲ್ಲ. ಇದನ್ನು ಹೇಳೋಣ ಅಂದರೆ, ಅದಕ್ಕೆ ಇನ್ನೂ ಕೆಟ್ಟ ಅರ್ಥ ಬರುತ್ತಿತ್ತು.

ತುಯಾನಾ ಅಪ್ಪನ ತೋಳು ಹಿಡಿದು ಏನೋ ಹೇಳಿದಳು, ಮೆಲ್ಲಗೆ, ಬಹಳ ಹೊತ್ತು. ಬಾಯಿರ್ ಕಡೆಗೆ ಒಂದು ಮಾತಿಗೆ ಬಂದ. ನಾಳೆ ಊರ ಅಂಚೆ ಕಚೇರಿಯಿಂದ ನಮ್ಮ ಮನೆಗೆ ಫೋನ್ ಹಚ್ಚಬೇಕು. ಮನೆಯ ಹಿರಿಯರು ತಮ್ಮ ಬಾಯಿಂದ ಏಳು ಹೆಸರು ಹೇಳಬೇಕು, ಅವನೇ ಕಿವಿಯಿಂದ ಕೇಳಬೇಕು. ವಯಸ್ಸಾದವರು ಸತ್ತವರ ಬಗ್ಗೆ ಸುಳ್ಳು ಹೇಳುವುದಿಲ್ಲ. ಹೇಳಿದರೆ ಮಗಳು ನಿಮ್ಮವಳು. ಹೇಳದಿದ್ದರೆ ಅವನೇ ನಮ್ಮನ್ನು ದಂಡೆಗೆ ಬಿಟ್ಟು ಬರುತ್ತಾನೆ.

ಅಂಚೆ ಕಚೇರಿ

ಮರುದಿನ ಗುರುವಾರ. ಬ್ಯಾಡಗಿ ಮಾರುಕಟ್ಟೆಯ ದಿನ, ಅದೂ ಸುಗ್ಗಿಯಲ್ಲಿ. ಆ ದಿನ ನಮ್ಮ ಮನೆಯ ಗಂಡಸರು ಸತ್ತರೂ ಮಾರ್ಕೆಟ್ ಯಾರ್ಡಿನಲ್ಲೇ ಸಾಯಬೇಕು. ಇದು ಫೋನ್ ರಿಂಗ್ ಆಗುತ್ತಿರುವಾಗ ನೆನಪಾಯಿತು. ಬಾಯಿರ್ ತುಪ್ಪಳದ ಟೋಪಿ ಮೇಲೆತ್ತಿ, ಅದೇ ರಿಸೀವರಿಗೆ ಕಿವಿ ಹಚ್ಚಿದ್ದ. ನಮ್ಮಿಬ್ಬರ ಕೆನ್ನೆ ಕೂಡಿದ್ದವು.

“ಯಾರು ಸತ್ತಾರೋ?” ಅಂತು ಫೋನು.

ಆಯಿ. ದೂರದ ಫೋನು ಬೇರೆ ಯಾವ ಕಾರಣಕ್ಕೂ ಬರುವುದಿಲ್ಲ ಅಂತ ಆಕೆಯ ನಂಬಿಕೆ.

“ಯಾರೂ ಸತ್ತಿಲ್ಲಬೇ ಆಯಿ. ನಾ ಗುರ್ಯಾ. ದೊಡ್ಡಪ್ಪ ಎಲ್ಲೆದಾನ?”

“ಮಾರ್ಕೆಟ್ಟಿಗೆ ಹೋಗ್ಯಾರ ಎಲ್ಲಾರೂ. ನಾ ಒಬ್ಬಾಕಿನ ಅದೇನಿ. ಅಲ್ಲಿ ಥಂಡಿ ಐತೇನು?”

“ಐತಿ. ಆಯಿ, ಇಲ್ಲಿ ಹುಡುಗಿ ಅಪ್ಪ ನಮ್ಮ ಏಳು ತಲಿ ಹೆಸರು ಕೇಳಾಕತ್ತಾನ.”

ಆ ಕಡೆ ಸದ್ದಿಲ್ಲ. ಗಾಡಿಯಲ್ಲಿ ಸದ್ದಿಗಾಗಿ ಪ್ರಾರ್ಥಿಸಿದ ಹಾಗೆಯೇ ಪ್ರಾರ್ಥಿಸಿದೆ.

“ಏಳು?” ಅಂದಳು ಆಯಿ.

“ಏಳು.”

“ನಿಮ್ಮ ದೊಡ್ಡವ್ವನ ಮನ್ಯಾವರು ಮೂರಕ್ಕ ಸುಮ್ಮಾದ್ರು. ಏಳು ಕೇಳ್ತಾರಂದ್ರ ಮನತನಸ್ಥರ ಅದಾರಲ್ಲೋ ಅವರು.” ಮತ್ತೆ ಅಂದಳು, “ನೀ ಹೇಳಬೇಕಿಲ್ಲೋ?”

“ಹೇಳಿದೆ. ನಂಬವಲ್ಲ.”

“ನಿನ್ನ ಯಾರ ನಂಬ್ತಾರ.”

“ನೀ ಹೇಳಬೇಕಂತ ಆಯಿ. ಹಿರಿಯಾರ ಬಾಯಿಂದನ ಬರಬೇಕಂತ.”

“ನಾ ಹೆಂಗ ಹೇಳಲೋ?”

ಆಗ ನನಗೆ ಹೊಳೆಯಿತು, ಬೆನ್ನಲ್ಲಿ ಬೈಕಾಲಿನ ನೀರು ಹರಿಯಿತು. ಆಯಿ ಗಂಡನ ಹೆಸರು ಹೇಳುವುದಿಲ್ಲ. ಮಾವನ ಹೆಸರೂ ಹೇಳುವುದಿಲ್ಲ. ಆ ಕಾಲದ ಹೆಣ್ಣುಮಕ್ಕಳು ಯಾರೂ ಹೇಳುವುದಿಲ್ಲ, ಆದರೆ ನಮ್ಮ ಆಯಿಯದು ಇನ್ನೂ ಬಿಗಿ. ಬಸವಣ್ಣನ ಗುಡಿಗೆ ಆಕೆ ನಂದಿ ಗುಡಿ ಅನ್ನುತ್ತಾಳೆ. ಹಾವೇರಿ ಬಸ್ಸಿಗೆ ಗಾಡಿ ಅನ್ನುತ್ತಾಳೆ, ಹೆಸರಿನ ಮೊದಲಕ್ಷರ ಅದರಲ್ಲಿದೆ ಅಂತ. ಉಳ್ಳಾಗಡ್ಡಿಗೆ ನಮ್ಮ ಕಡೆ ಈರುಳ್ಳಿ ಅನ್ನದಿರುವುದು ಆಕೆಯ ಪುಣ್ಯ. ಹೆತ್ತ ಮಗನಿಗೆ ದೊಡ್ಡಾವ ಅನ್ನುತ್ತಾಳೆ, ಮೊಮ್ಮಗನಿಗೆ ಡಾಕ್ಟರ್. ಡಾಕ್ಟರಿಕೆಗೆ ಸೇರುವ ಮೊದಲು ಲೇ ಅನ್ನುತ್ತಿದ್ದಳು. ಜಗತ್ತಿನಲ್ಲಿ ಆಕೆ ಹೇಳಲಾಗದ ಹೆಸರು ಎರಡೇ. ನಮ್ಮ ಏಳು ತಲೆಮಾರಿನಲ್ಲಿ ಇರುವುದೂ ಅವೆರಡೇ.

ಬಸ್ಯಾನಿಗೂ ಅದೇ ಕ್ಷಣಕ್ಕೆ ಹೊಳೆದಿರಬೇಕು. ಅವನು ಗೋಡೆಗೆ ಒರಗಿದ. ತುಯಾನಾ ಅವನ ಮುಖ ನೋಡಿ, ಎಲ್ಲ ಮುಗಿಯಿತು ಅಂತ ತಿಳಿದು, ಕೈಗವಸು ಹಾಕಿಕೊಳ್ಳತೊಡಗಿದಳು.

“ಆಯಿ,” ಅಂದೆ. ದೊಡ್ಡಪ್ಪ ಕಲಿಸಿದ್ದೇ ಬಾಯಿಗೆ ಬಂತು. “ಥಂಡಿ ಭಾಳ ಐತಿ.”

“ಸುಮ್ಮನಿರು. ಆ ಮನಶ್ಯಾ ಕೇಳಾಕತ್ತಾನೇನು?”

“ಇಲ್ಲೇ ಕಿವಿ ಹಚ್ಯಾನ.”

“ಒಡಪು ಹಾಕಿದ್ರ ನಡೀತದ ಅವಗ?”

ಒಡಪು ಅಂದರೆ ಎರಡು ಸಾಲಿನ ಪದ್ಯ ಕಟ್ಟಿ ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುವುದು. ಮದುವೆ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಹೇಳಿಸುತ್ತಾರೆ. ಅಲ್ಲಿ ಮಾತ್ರ ಹೆಸರು ಹೇಳಿದರೆ ತಪ್ಪಿಲ್ಲ. ಅಜ್ಜ ಹೋದ ಮೇಲೆ ಆಯಿಗೆ ಯಾರೂ ಹೇಳು ಅಂದಿರಲಿಲ್ಲ. ಒಡಪು ಶುರುವಾದರೆ ಆಕೆ ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು.

“ನಡೀತದ,” ಅಂದೆ, ಬಾಯಿರ್‌ನನ್ನು ಕೇಳದೆ.

“ಮ್ಯಾಲಿಂದ ಕೆಳಗ ಬರ್ತೇನಿ,” ಅಂದು ಆಯಿ ಕೆಮ್ಮಿ ಗಂಟಲು ಸರಿಮಾಡಿಕೊಂಡಳು.

“ಕರ್ಜಗಿ ದಾರ್ಯಾಗ ಕರೇಮಣ್ಣಿನ ಹೊಲ,
ಬಸಪ್ಪ ಅಂಬೋ ಹಿರಿಯಾ ನಮ್ಮ ಮನತನದ ಮೂಲ.”

ಬಾಯಿರ್‌ನ ಮುಖ ನನ್ನ ಕೆನ್ನೆಯ ಪಕ್ಕ ಅಲುಗಾಡಲಿಲ್ಲ. ಒಂದು ಬೆರಳು ಮಡಚಿತು.

“ತುಂಗಭದ್ರಾಕ ವರದಾ ಕೂಡೂದು ಗಳಗನಾಥದಾಗ,
ಈರಪ್ಪ ಅಂಬೋ ಹೆಸರು ಬೆಳದದ್ದು ನಮ್ಮ ಅಂಗಳದಾಗ.”

ಎರಡು. ಮೂರನೆಯದು ಬಂತು. ನಾಲ್ಕನೆಯದು ಆಕೆಯ ಮಾವ; ಎದುರಿಗೆ ಅವರೇ ಕೂತಿದ್ದಾರೇನೋ ಅನ್ನುವ ಹಾಗೆ ದನಿ ಇಳಿಸಿ, ಸೆರಗು ಎಳೆದುಕೊಂಡ ಸದ್ದೂ ಕೇಳುವಂತೆ ಹೇಳಿದಳು. ಬಾಯಿರ್ ನಾಲ್ಕನೆಯ ಬೆರಳನ್ನೂ ಮಡಚಿದ. ಹೆಸರು ಮತ್ತೆ ಬಂದದ್ದು ಅವನಿಗೆ ಕೇಳಿಸಿತ್ತು. ಪ್ರತಿ ಸಲ ಬೇರೆ ಪದ್ಯದೊಳಗಿಂದ ಬಂದದ್ದೂ ಕೇಳಿಸಿತ್ತು. ಐದನೆಯದಕ್ಕೆ ಆಯಿ ತಡೆದಳು.

“ಅತ್ತಿ ಇಲ್ಲ, ಮಾವ ಇಲ್ಲ, ಬೈಯೋರ್ಯಾರೂ ಇಲ್ಲ,
ಬಸಪ್ಪನವರಽ ಅಂತ ಕರದ್ರ ಓ ಅನ್ನೋರೂ ಇಲ್ಲ.”

ನಾನು ಆ ಹೊತ್ತಿಗೆ ಹೇಳಬಹುದಾದ ತಮಾಷೆಯ ಮಾತು ಒಂದೆರಡು ಇದ್ದವು. ಹೇಳಲಿಲ್ಲ.

“ಆರನೇದು ಈರಪ್ಪ,” ಅಂದಳು ಆಯಿ, ಮಗನನ್ನು ಮೊದಲ ಸಲ ಹೆಸರು ಹಿಡಿದು. “ಅವಗ ಒಡಪು ಯಾಕ, ನಾನ ಹಡದೇನಿ.”

ಬಾಯಿರ್ ಆರು ಬೆರಳು ಮಡಚಿ ಕಾಯುತ್ತಿದ್ದ.

“ಆಯಿ, ಇನ್ನೊಂದು ಐತೆಲ್ಲ. ಏಳನೇದು.”

“ಅದನ್ನ ನಾ ಯಾಕ ಹೇಳ್ಲಿ? ಅದು ಆಕಿ ಹೇಳೂ ಹೆಸರು. ಕೊಡು ಆಕಿ ಕೈಯಾಗ.”

ನಾನು ರಿಸೀವರನ್ನು ತುಯಾನಾಳ ಕೈಗೆ ಕೊಟ್ಟು, ಪಕ್ಕದಲ್ಲೇ ಕಿವಿ ಹಚ್ಚಿ ನಿಂತೆ. ಆಕೆ ಒಂದು ಕೈಗವಸು ತೆಗೆದು, “ಬರ್ರಿ ಕುಂದ್ರಿ ಊಟ ಆತೇನ್ರಿ?” ಅಂದಳು.

“ಆತವ್ವಾ,” ಅಂದಳು ಆಯಿ. “ನಾ ಅಂದಂಗ ಅನ್ನು.” ಆಮೇಲೆ ಶಾಲೆಯ ಮಾಸ್ತರರ ಹಾಗೆ ಒಂದೊಂದೇ ತುಂಡು ಮಾಡಿ ಹೇಳಿಕೊಟ್ಟಳು. ತುಯಾನಾ ಮನುಷ್ಯರ ಮೈಯ ಎಲ್ಲ ಎಲುಬಿನ ಹೆಸರು ಬಾಯಿಪಾಠ ಮಾಡಿದವಳು, ಒಂದು ತುಂಡೂ ಬಿಡಲಿಲ್ಲ.

“ಹಾಲಿನ್ಯಾಗ ಸಕ್ಕರಿ, ಅಂಗಳದಾಗ ತುಳಸಿ,
ಬಸಪ್ಪನವರ ಹೆಸರು ಹೇಳ್ತೇನಿ ಎಲ್ಲಾರಿಗೂ ತಿಳಿಸಿ.”

ಬಾಯಿರ್ ಮಗಳನ್ನು ನೋಡಿದ. ಏಳನೆಯ ಬೆರಳು ಮಡಚಿದ. ಬಸ್ಯಾ ಗೋಡೆಗೆ ಹಚ್ಚಿದ್ದ ರಷ್ಯನ್ ಸೂಚನಾಪತ್ರವನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ. ನಮ್ಮ ಕಡೆ ಮದುಮಗ ಹಾಗೆಯೇ ನಿಲ್ಲಬೇಕು.

“ಗುರ್ಯಾ,” ಅಂದಳು ಆಯಿ, “ಆಕಿಗೆ ಇನ್ನೊಮ್ಮೆ ಅನ್ನಾಕ ಹೇಳು. ಫೋನ್ ಸರಿಯಾಗಿ ಕೇಳವಲ್ದು.”

ಫೋನು ಸರಿಯಾಗಿಯೇ ಇತ್ತು. ಬ್ಯಾಡಗಿಯಲ್ಲಿ ನಮ್ಮ ಪಡಸಾಲೆಯ ಗೋಡೆ ಗಡಿಯಾರದ ಸದ್ದು ಕೂಡ ನನಗೆ ಕೇಳುತ್ತಿತ್ತು.

ತುಯಾನಾ ಇನ್ನೊಮ್ಮೆ ಅಂದಳು.